ಗಾಳಿ ಓಡಾಡಬೇಕು

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬ ಖುಷಿಯಾಯಿತು. ಒಂದು ಸಣ್ಣ ವಿನಂತಿ. ಕೊಡೆಗಳನ್ನು ಮಡಚಿ ಮೂಲೆಯಲ್ಲಿ ರಾಶಿ ಹಾಕಬೇಡಿ, ಬಿಡಿಸಿ ವರಾಂಡದಲ್ಲಿ ಇಡಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಸಂಗೀತ, ಫೋಟೊ, ಕಾಫಿ, ಜೊತೆಗೆ ನಮ್ಮ ಮಂಗಳೂರಿನ ಬದುಕು, ಇದರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದರು. ಮೂರೂ ನನಗೆ ಪ್ರಾಣ. ಆದರೆ ಮೂರನ್ನೂ ಒಟ್ಟಿಗೆ ಹೇಗೆ ಹೇಳುವುದು ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಕಳೆದ ಭಾನುವಾರ ಬಟ್ಟೆಯ ಕಪಾಟು ತೆಗೆದೆ. ಒಳಗಿನಿಂದ ಬೂಸ್ಟಿನ ವಾಸನೆ ಬಂತು. ಸಿಕ್ಕಿತು ಅಂತ ಅನ್ನಿಸಿತು. ಪಸೆ! ಈ ಊರಿನಲ್ಲಿ ನಾನು ಪ್ರೀತಿಸುವ ಎಲ್ಲವನ್ನೂ ಮುಟ್ಟುವುದು ಅದೇ, ಗಾಳಿಯಲ್ಲಿರುವ ನೀರು.

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆ ನಾಲ್ಕು ತಿಂಗಳು ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ. ನಿಮಗೆಲ್ಲ ಗೊತ್ತಿರುವ ಸಂಗತಿ, ಹೆಚ್ಚು ಹೇಳುವುದಿಲ್ಲ.

ಕಾಫಿಯಿಂದ ಶುರು ಮಾಡುತ್ತೇನೆ. ನಮ್ಮ ಅಜ್ಜಿ ಇಲ್ಲಿಯದೇ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ, ಅಂದರೆ ಬೀಜದ ಸಿಪ್ಪೆ ಬಿಡಿಸಿ ಹಸನು ಮಾಡುವ ಕಡೆ, ಬೀಜ ಹೆಕ್ಕುವ ಕೆಲಸ ಮಾಡುತ್ತಿದ್ದರು. ಸಾಲಾಗಿ ಹೆಂಗಸರು ಕೂತುಕೊಳ್ಳುವುದು, ಮುಂದೆ ಬೀಜದ ರಾಶಿ, ಕರಿ ಬೀಜ, ಒಡಕು, ಹುಳ ತಿಂದದ್ದು, ಕಲ್ಲು, ಎಲ್ಲ ಬೇರೆ ಬೇರೆ ಮಾಡುವುದು. ಮಂಗಳೂರಿನಲ್ಲಿ ಕಾಫಿ ಬೆಳೆಯುವುದಿಲ್ಲ, ಮತ್ತೆ ಇಲ್ಲಿ ಕಾಫಿ ಕಾರ್ಖಾನೆ ಯಾಕೆ ಅಂತ ಸಣ್ಣವನಿದ್ದಾಗ ಕೇಳಿದ್ದೆ. "ಬಂದರು ಇಲ್ಲಿ ಉಂಟಲ್ಲ ಮಗಾ" ಅಂದರು ಅಜ್ಜಿ. ಅಷ್ಟೇ ಉತ್ತರ, ಮತ್ತು ಅದೇ ಸರಿ. ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ಘಾಟಿ ಇಳಿದು ಇಲ್ಲಿಗೆ ಬರುತ್ತಿತ್ತು, ಇಲ್ಲಿ ಹಸನಾಗಿ ಹಡಗು ಹತ್ತುತ್ತಿತ್ತು.

ಆ ಹಡಗಿನ ಕಥೆಯೇ ನನಗೆ ಬಹಳ ಇಷ್ಟ. ಹಾಯಿ ಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿಯನ್ನೇ ಬಳಸಿಕೊಂಡು ಯುರೋಪಿಗೆ ಹೋಗಬೇಕಿತ್ತು. ತಿಂಗಳುಗಟ್ಟಲೆ ಪ್ರಯಾಣ. ಮರದ ಹಡಗಿನ ಹೊಟ್ಟೆಯಲ್ಲಿ ಸಮುದ್ರದ ಪಸೆ ಕುಡಿದು ಕುಡಿದು ಹಸಿರು ಬೀಜ ಉಬ್ಬಿ, ಬಣ್ಣ ಬಿಟ್ಟು, ತಿಳಿ ಹಳದಿಯಾಗಿ ಆ ಕಡೆ ಇಳಿಯುತ್ತಿತ್ತು. ಅಲ್ಲಿಯವರಿಗೆ ಅದೇ ರುಚಿ ಅಭ್ಯಾಸವಾಯಿತು. ಆಮೇಲೆ ಉಗಿಹಡಗು ಬಂತು, 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ದಾರಿ ಗಿಡ್ಡವಾಯಿತು. ಬೀಜ ಹಸಿರಾಗಿಯೇ ಹೋಗಿ ತಲುಪತೊಡಗಿತು. ಕುಡಿಯುವವರಿಗೆ ಸಮಾಧಾನವಾಗಲಿಲ್ಲ, ಹಳೆಯ ರುಚಿಯೇ ಬೇಕು ಅಂದರು. ಆಗ ನಮ್ಮ ಕರಾವಳಿಯವರು ಏನು ಮಾಡಿದರು ಅಂದರೆ, ಸಮುದ್ರದಲ್ಲಿ ಆಗುತ್ತಿದ್ದದ್ದನ್ನು ದಡದಲ್ಲೇ ಮಾಡಿದರು. ಮಾನ್ಸೂನ್ಡ್ ಮಲಬಾರ್ ಕಾಫಿ ಅನ್ನುವುದು ಅದನ್ನೇ. ಇವತ್ತು ಅದಕ್ಕೆ ಜಿಐ ಟ್ಯಾಗ್ ಇದೆ, ಅಂದರೆ ಇದು ಈ ಸೀಮೆಯದೇ ಅನ್ನುವ ಕಾನೂನಿನ ಗುರುತು.

ಮಾಡುವ ಕ್ರಮ ಕೇಳಿ. ಬದಿಗಳು ತೆರೆದೇ ಇರುವ ಗೋದಾಮು. ನೆಲದ ಮೇಲೆ ಬೀಜವನ್ನು ನಾಲ್ಕಾರು ಇಂಚು ದಪ್ಪಕ್ಕೆ ಹರಡುತ್ತಾರೆ. ಮತ್ತೆ ಮತ್ತೆ ಕೈಯಾಡಿಸುತ್ತಾರೆ, ಎಲ್ಲ ಬೀಜಕ್ಕೂ ಗಾಳಿ ಸಿಗಬೇಕು. ಕೆಲವು ದಿನ ಬಿಟ್ಟು ಗೋಣಿಚೀಲಕ್ಕೆ ತುಂಬುತ್ತಾರೆ, ಆದರೆ ಬಿಗಿಯಾಗಿ ಅಲ್ಲ, ಸಡಿಲವಾಗಿ. ಚೀಲಗಳನ್ನು ಸಾಲಾಗಿ ಪೇರಿಸುವಾಗ ನಡುವೆ ಜಾಗ ಬಿಡುತ್ತಾರೆ, ಪಡುವಣ ಗಾಳಿ ಆ ಸಂದಿಯಲ್ಲಿ ನುಗ್ಗಿ ಹೋಗುವ ಹಾಗೆ. ಅಲ್ಲಿಗೂ ಬಿಡುವುದಿಲ್ಲ, ಆಗಾಗ ಚೀಲ ಸುರಿದು ಮತ್ತೆ ತುಂಬುತ್ತಾರೆ. ಆರೇಳು ವಾರ ಹೀಗೆ. ಕೊನೆಗೆ ಬೀಜ ಹೆಚ್ಚುಕಮ್ಮಿ ಎರಡರಷ್ಟು ಉಬ್ಬಿ ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ. ಹುಳಿ ಹೋಗುತ್ತದೆ, ಬಾಯಲ್ಲಿ ಕಾಫಿ ದಪ್ಪವಾಗಿ ನಿಲ್ಲುತ್ತದೆ.

ಅಜ್ಜಿ ಹೇಳುತ್ತಿದ್ದ ಒಂದು ಮಾತು ನನಗೆ ಅರ್ಥವಾಗಲು ಮೂವತ್ತು ವರ್ಷ ಬೇಕಾಯಿತು. "ಚೀಲ ತಿರುಗಿಸ್ಲಿಕ್ಕೆ ಮರೆತ್ರೆ ಬೀಜ ಹಾಳು." ಅದೇ ಬೀಜ, ಅದೇ ಮಳೆ, ಅದೇ ಪಸೆ. ಓಡಾಡಿದರೆ ರುಚಿ, ನಿಂತರೆ ಬೂಸ್ಟು. ನಾನು ಇವತ್ತು ಹೇಳಬೇಕು ಅಂತ ಬಂದದ್ದೂ ಇಷ್ಟನ್ನೇ.

ಯಾಕೆ ಮೂವತ್ತು ವರ್ಷ ಅಂದರೆ, ನಡುವೆ ಒಂದು ಕ್ಯಾಮೆರಾ ಹಾಳು ಮಾಡಿಕೊಂಡೆ. ಮಾವ ಕುವೈತ್‌ನಿಂದ ತಂದುಕೊಟ್ಟ ಕ್ಯಾಮೆರಾ, ರೀಲು ಹಾಕುವ ಕಾಲದ್ದು. ಅದರಲ್ಲಿ ತೆಗೆದ ಮೊದಲ ಒಳ್ಳೆಯ ಫೋಟೊ ನಮ್ಮ ಹಳೆಯ ಮನೆಯ ಅಡುಗೆಕೋಣೆಯದು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ಒಂದು ಕೋಲಿನ ಹಾಗೆ ಇಳಿದು ಬರುತ್ತಿತ್ತು. ಒಲೆಯ ಹೊಗೆ ಅದರೊಳಗೆ ಸುತ್ತುತ್ತಿತ್ತು. ಕೆಳಗೆ ಅಜ್ಜಿ ಕಾಫಿ ಸೋಸುತ್ತಿದ್ದರು. ಆ ಫೋಟೊ ಈಗಲೂ ನನ್ನ ಮೇಜಿನ ಮೇಲಿದೆ.

ಆ ಕ್ಯಾಮೆರಾವನ್ನು ಜೋಪಾನ ಮಾಡಬೇಕು ಅಂತ ಚರ್ಮದ ಚೀಲದಲ್ಲಿಟ್ಟು, ಅದನ್ನು ಬಟ್ಟೆಯಲ್ಲಿ ಸುತ್ತಿ, ಕಬ್ಬಿಣದ ಕಪಾಟಿನೊಳಗೆ ಬೀಗ ಹಾಕಿ ಇಟ್ಟೆ. ಜೂನ್‌ನಲ್ಲಿ ಇಟ್ಟದ್ದು, ದಸರಾಕ್ಕೆ ತೆಗೆದೆ. ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಬಿಳಿ ಗೆರೆಗಳು. ಫಂಗಸ್. ಚರ್ಮ ಪಸೆಯನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆ ಬೇರೆ, ಗಾಳಿ ಇಲ್ಲ, ಅದಕ್ಕೆ ಇನ್ನೇನು ಬೇಕು? ಗಾಜಿನ ಮೇಲಿನ ಕೋಟಿಂಗನ್ನೇ ಅದು ತಿಂದಿತ್ತು. ರಿಪೇರಿಯವರು ಒರೆಸಿಕೊಟ್ಟರು, ಆದರೆ ಕೋಟಿಂಗ್ ಹೋದದ್ದು ಹೋಯಿತು. ಎರಡು ದಿನ ಊಟ ಸೇರಲಿಲ್ಲ ನನಗೆ.

ಇಲ್ಲಿ ಕ್ಯಾಮೆರಾ ಹಿಡಿಯುವ ಹುಡುಗ ಹುಡುಗಿಯರು ಕೂತಿದ್ದೀರಿ, ನಿಮಗಾಗಿ ಹೇಳುತ್ತೇನೆ. ಒಳಗಿನ ಪಸೆ ತೆಗೆಯುವ ಡ್ರೈ ಕ್ಯಾಬಿನೆಟ್ ತೆಗೆದುಕೊಳ್ಳಲು ದುಡ್ಡಿದ್ದರೆ ತೆಗೆದುಕೊಳ್ಳಿ. ಇಲ್ಲವಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಆದರೆ ಆ ಪೊಟ್ಟಣವೂ ಪಸೆ ಹೀರಿ ತುಂಬಿಹೋಗುತ್ತದೆ, ಅದನ್ನು ಆಗಾಗ ಬಿಸಿ ಮಾಡಿ ಒಣಗಿಸಲೇಬೇಕು. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿಗೆ ಮಂಜು ಕೂರುತ್ತದೆ, ಚೀಲದೊಳಗೇ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಎಲ್ಲಕ್ಕಿಂತ ಮುಖ್ಯ, ಬಳಸುತ್ತಾ ಇರಿ. ವಾರಕ್ಕೊಮ್ಮೆ ಹೊರಗೆ ತೆಗೆಯುವ ಕ್ಯಾಮೆರಾಕ್ಕೆ ಫಂಗಸ್ ಅಷ್ಟು ಬೇಗ ಹಿಡಿಯುವುದಿಲ್ಲ.

ಮಳೆಗಾಲದಲ್ಲಿ ಎಂಥ ಫೋಟೊ ತೆಗೆಯುವುದು ಅಂತ ಕೇಳಬೇಡಿ. ಮೀನಿನ ದೋಣಿಗಳು ನಿಲ್ಲುವ ದಕ್ಕೆಗೆ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಉಳಿದ ದಿನ ಬೆಳಗ್ಗೆ ಕಾಲಿಡಲು ಜಾಗವಿಲ್ಲದ ದಕ್ಕೆ ಆಗ ಸುಮ್ನೆ ಇರುತ್ತದೆ. ದೋಣಿಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ, ಬಣ್ಣಗಳೆಲ್ಲ ಒದ್ದೆಯಾಗಿ ಇನ್ನೂ ಗಾಢ. ಟಾರ್ಪಾಲಿನ ಅಡಿಯಲ್ಲಿ ಯಾರೋ ಬಲೆ ಹೊಲಿಯುತ್ತಿರುತ್ತಾರೆ. ಮೋಡದ ಬೆಳಕಿಗೆ ನೆರಳೇ ಇರುವುದಿಲ್ಲ, ಮುಖ ಎಷ್ಟು ಚೆಂದ ಬರುತ್ತದೆ ಅಂದರೆ, ನೀವೇ ಹೋಗಿ ನೋಡಬೇಕು. ಅವರ ಹತ್ತಿರ ಮೊದಲು ಮಾತಾಡಿ, ಆಮೇಲೆ ಫೋಟೊ ತೆಗೆಯಿರಿ.

ಇನ್ನು ಸಂಗೀತ. ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಆ ವರ್ಷದ ತಿರುಗಾಟ ಮುಗಿಯುತ್ತದೆ. ಚೆಂಡೆಯ ಚರ್ಮ ಪಸೆಗೆ ಇಳಿಯುತ್ತದೆ, ಸ್ವರ ಹೋಗುತ್ತದೆ. ಆದರೂ ಚಿಕ್ಕಮೇಳದವರು, ಅಂದರೆ ಕೆಲವೇ ಕಲಾವಿದರ ಸಣ್ಣ ಯಕ್ಷಗಾನ ತಂಡದವರು, ಮಳೆಯಲ್ಲೇ ಮನೆಮನೆಗೆ ಬರುತ್ತಾರೆ, ನಮ್ಮ ಫ್ಲ್ಯಾಟಿಗೂ ಬರುತ್ತಾರೆ. ಅವರು ಬಂದ ರಾತ್ರಿ ಇಡೀ ಮಹಡಿಯ ಬಾಗಿಲುಗಳು ತೆರೆಯುತ್ತವೆ. ಉಳಿದ ದಿನ ಎದುರು ಮನೆಯವರ ಮುಖವೇ ಕಾಣುವುದಿಲ್ಲ.

ನನಗೆ ಹೆಚ್ಚು ಹತ್ತಿರ ಸ್ಯಾಕ್ಸೋಫೋನ್. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ನಮ್ಮ ದೇವಸ್ಥಾನದಲ್ಲಿ, ಮದುವೆ ಮಂಟಪದಲ್ಲಿ, ದೈವದ ನೇಮದಲ್ಲಿ ಕೇಳಿಸುತ್ತದೆ ಅಂದರೆ ಹೊರಗಿನವರು ನಂಬುವುದಿಲ್ಲ. ಇದರ ಹಿಂದೆ ಕದ್ರಿ ಗೋಪಾಲನಾಥರು ಇದ್ದಾರೆ. ಬಂಟ್ವಾಳ ತಾಲೂಕಿನ ಸಜೀಪಮೂಡದವರು, ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಆ ವಾದ್ಯ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುವಂಥದ್ದು, ನಮ್ಮ ಗಮಕಕ್ಕೆ, ಅಂದರೆ ಸ್ವರದ ಓಲಾಟಕ್ಕೆ, ಅದು ಜಾರಬೇಕು. ಅದನ್ನು ಜಾರಿಸಲು ಅವರು ಎಷ್ಟೋ ವರ್ಷ ದುಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

ನಮ್ಮ ಬೀದಿಯಲ್ಲಿ ಸ್ಯಾಕ್ಸೋಫೋನ್ ನುಡಿಸುವ ಒಬ್ಬರು ಅಣ್ಣ ಇದ್ದಾರೆ. ಅವರು ವಾದ್ಯದ ಬಾಯಿಗೆ ಕಟ್ಟುವ ತೆಳು ಪಟ್ಟಿಯನ್ನು, ರೀಡನ್ನು, ಬಾಯಲ್ಲಿ ಒದ್ದೆ ಮಾಡಿಕೊಳ್ಳುವುದನ್ನು ನೋಡಿ ಕೇಳಿದೆ, "ಇಷ್ಟು ಪಸೆ ಇರುವ ಊರಲ್ಲೂ ಒದ್ದೆ ಮಾಡಬೇಕಾ?" ಅಂತ. "ಒಣ ರೀಡು ಮಾತಾಡುವುದಿಲ್ಲ ಮಾರಾಯ" ಅಂದರು. ನುಡಿಸಿ ಮುಗಿದ ಮೇಲೆ ಕೊಳವೆಯೊಳಗೆ ಬಟ್ಟೆ ಎಳೆದು ಒರೆಸಿದರು, ಪೆಟ್ಟಿಗೆ ತೆರೆದೇ ಇಟ್ಟರು. ಹಾಗೇ ಮುಚ್ಚಿದರೆ ಕೀಲಿಗಳ ಅಡಿಯ ಚರ್ಮದ ಪ್ಯಾಡುಗಳು ಅಂಟಿಕೊಂಡು ಕೊಳೆಯುತ್ತವೆಯಂತೆ. ನನಗೆ ಅಜ್ಜಿಯ ಗೋಣಿಚೀಲ ನೆನಪಾಯಿತು.

ಈಗ ನಾವು ಇರುವ ಮನೆಗಳ ವಿಷಯ ಹೇಳಲೇಬೇಕು, ಇದು ನನಗೆ ನಿಜವಾಗಿ ನೋವಿನ ವಿಷಯ. 1865ರಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಊರು ಇದು. ಆ ಹೆಂಚಿನ ಮಾಡು ಮಳೆಯನ್ನು ತಡೆಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಉದ್ದ ಜಗಲಿ ಇತ್ತು, ಮಳೆ ಹೊಡೆದರೂ ಕಿಟಕಿ ಮುಚ್ಚಬೇಕಾಗುತ್ತಿರಲಿಲ್ಲ. ಈಗ ಬಿಜೈ, ಕದ್ರಿ, ಕಂಕನಾಡಿ ಎಲ್ಲಿ ನೋಡಿದರೂ ಎತ್ತರದ ಕಟ್ಟಡ, ಜಾರುವ ಗಾಜಿನ ಕಿಟಕಿ. ಕಿಟಕಿಗೆ ಮೇಲೊಂದು ಸಜ್ಜಾ ಇಲ್ಲ, ಇದ್ದರೂ ಒಂದು ಗೇಣು. ಮಳೆ ಬಂತು ಅಂದರೆ ಮುಚ್ಚು, ಮುಚ್ಚಿದರೆ ಸೆಕೆ, ಸೆಕೆಗೆ ಎಸಿ. ಒಳಗಿನ ಪಸೆಗೆ ಹೊರಗೆ ಹೋಗಲು ದಾರಿಯೇ ಇಲ್ಲ, ಗೋಡೆ ಕಪ್ಪಾಗುತ್ತದೆ, ಮಕ್ಕಳಿಗೆ ಕೆಮ್ಮು. ನಾನು ಎಂಜಿನಿಯರ್ ಅಲ್ಲ, ಆದರೆ ಇಂಥ ಮನೆಯಲ್ಲೇ ಹನ್ನೆರಡು ವರ್ಷದಿಂದ ಇದ್ದೇನೆ. ಮನೆ ಕಟ್ಟಿಸುವವರು ಇಲ್ಲಿದ್ದರೆ ಕೇಳಿಕೊಳ್ಳುತ್ತೇನೆ, ಕಿಟಕಿಯ ಮೇಲೆ ಮೂರಡಿ ಸಜ್ಜಾ ಹಾಕಿಸಿ, ಎದುರು ಬದುರು ಕಿಟಕಿ ಇಡಿಸಿ. ಕಾಫಿ ಬೀಜಕ್ಕೆ ಕೊಟ್ಟ ಗಾಳಿಯನ್ನು ಮನುಷ್ಯರಿಗೂ ಕೊಡಬೇಕು, ಅಲ್ವಾ?

ಸಾಕು, ಗಂಟೆ ಆರೂವರೆಯಾಯಿತು. ವರಾಂಡದಲ್ಲಿ ಎರಡು ಫ್ಲಾಸ್ಕ್ ಇಟ್ಟಿದ್ದೇನೆ. ಕೆಂಪು ಮುಚ್ಚಳದ್ದು ಮಾಮೂಲಿ ಚಿಕೋರಿ ಹಾಕಿದ ಫಿಲ್ಟರ್ ಕಾಫಿ. ನೀಲಿ ಮುಚ್ಚಳದ್ದು ನಮ್ಮ ಮಳೆಗಾಳಿ ಕುಡಿದ ಕಾಫಿ, ಚಿಕೋರಿ ಇಲ್ಲ, ಹಾಲು ಕಡಿಮೆ ಹಾಕಿದ್ದೇನೆ. ಎರಡನ್ನೂ ಅರ್ಧರ್ಧ ಲೋಟ ಕುಡಿದು ನೋಡಿ, ವ್ಯತ್ಯಾಸ ಏನನ್ನಿಸಿತು ಅಂತ ನನಗೆ ಹೇಳಿಯೇ ಹೋಗಬೇಕು. ಗೋಳಿಬಜೆಯೂ ಬಿಸಿ ಇದೆ. ಹಾಂ, ಆ ಹಿಂದಿನ ಕಿಟಕಿ ಸ್ವಲ್ಪ ತೆರೆಯಿರಿ ಅಕ್ಕ, ಮಳೆ ಈಗ ಆ ಕಡೆಯಿಂದ ಹೊಡೆಯುತ್ತಿಲ್ಲ.