ಆಕಾಶದಲ್ಲಿ ಡಾಂಬರ್ ಗುಳಿಗೆ

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬಿ ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗಲಿ. ಮುಚ್ಚಳ ತೆಗೆಯೋದು ಬೇಡ, ವಾಸನೆ ಹಾಗೇ ಬರುತ್ತದೆ. ಗೊತ್ತಾಯಿತಲ್ವಾ? ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇಡುತ್ತಿದ್ದ ಬಿಳಿ ಗುಳಿಗೆ. ಕೆಲವರು ನುಸಿಗುಳಿಗೆ ಅಂತಾರೆ, ನಮ್ಮ ಕಡೆ ಡಾಂಬರ್ ಗುಳಿಗೆ. ಇಷ್ಟು ಬೆಳ್ಳಗಿರುವುದಕ್ಕೆ ಡಾಂಬರ್ ಅಂತ ಯಾಕೆ ಹೆಸರಿಟ್ಟರು ಎಂದು ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿ, "ಹೋಗಿ ಹೋಂವರ್ಕ್ ಮಾಡು" ಎಂದು ಬೈಸಿಕೊಂಡಿದ್ದೆ. ಉತ್ತರ ಸಿಕ್ಕಿದ್ದು ಕೆಮಿಸ್ಟ್ರಿ ಓದುವಾಗ. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿದರೆ ಕಪ್ಪು ಡಾಂಬರು ಬರುತ್ತದೆ, ಅದರಿಂದ ಬೇರ್ಪಡಿಸಿ ತೆಗೆಯುತ್ತಿದ್ದದ್ದೇ ಈ ನ್ಯಾಫ್ತಲೀನ್. ಹೆಸರಿಟ್ಟವರಿಗೆ ಪೂರ್ವಾಪರ ಚೆನ್ನಾಗಿಯೇ ಗೊತ್ತಿತ್ತು.

ನ್ಯಾಫ್ತಲೀನ್ ಅಣುವಿನ ಚಿತ್ರ ಬರೆಯುವುದು ಸುಲಭ. ಆರು ಮೂಲೆಯ ಎರಡು ಬಳೆ, ಪಕ್ಕಪಕ್ಕದಲ್ಲಿ ಅಂಟಿಕೊಂಡಿವೆ. ಮೂಲೆಗೊಂದು ಇಂಗಾಲದ ಪರಮಾಣು, ಒಟ್ಟು ಹತ್ತು. ಅಂಚಿನಲ್ಲಿ ಎಂಟು ಹೈಡ್ರೋಜನ್. ಒಂದೇ ಬಳೆ ಇದ್ದರೆ ಬೆಂಜೀನ್. ನಾಲ್ಕು ಸೇರಿದರೆ ಪೈರೀನ್. ನಡುವೆ ಒಂದು, ಸುತ್ತ ಆರು ಇಟ್ಟರೆ ಬಾಗಿಲ ಮುಂದಿನ ಹೂವಿನ ರಂಗೋಲಿ ಥರ ಕಾಣುವ ಕೊರೊನೀನ್. ಇವಕ್ಕೆಲ್ಲ ಸೇರಿ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್ ಅಂತ ಹೆಸರು. ಬಾಯಿ ತುಂಬಿ ಹೋಗುತ್ತದೆ, ಆದ್ದರಿಂದ ಎಲ್ಲರೂ ಪಾಹ್ ಅಂತಾರೆ, ನಾನೂ ಹಾಗೇ ಅನ್ನುತ್ತೇನೆ. ಅರೋಮ್ಯಾಟಿಕ್ ಅಂದ ಮಾತ್ರಕ್ಕೆ ಸುವಾಸನೆ ಅಂದುಕೊಳ್ಳಬೇಡಿ. ಮೊದಮೊದಲು ಸಿಕ್ಕ ಕೆಲವಕ್ಕೆ ಘಮ ಇತ್ತು, ಹೆಸರು ಉಳಿದುಕೊಂಡಿತು ಅಷ್ಟೇ. ಒಲೆಯ ಮಸಿ, ಡೀಸೆಲ್ ಹೊಗೆ, ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಕರಕಲು ಸಿಪ್ಪೆ, ಎಲ್ಲದರಲ್ಲೂ ಇವು ಇರುತ್ತವೆ.

ನಕ್ಷತ್ರ ನಕ್ಷತ್ರಗಳ ನಡುವೆಯೂ ಇವೆ. ಚೂರುಪಾರು ಅಂದುಕೊಳ್ಳಬೇಡಿ, ಅಲ್ಲಿ ಇರುವ ಒಟ್ಟು ಇಂಗಾಲದಲ್ಲಿ ನೂರಕ್ಕೆ 10ರಿಂದ 20 ಪಾಲು ಪಾಹ್ ರೂಪದಲ್ಲಿದೆ ಎಂದು ಲೆಕ್ಕ ಹಾಕಿದ್ದಾರೆ. ಅಲ್ಲಿಗೆ ಹೋಗಿ ಮೂಸಿ ನೋಡಿ ಬಂದವರು ಯಾರೂ ಇಲ್ಲ. ಹಾಗಿದ್ದ ಮೇಲೆ ಗೊತ್ತಾದದ್ದು ಹೇಗೆ? ಇವತ್ತು ನನ್ನ ಮಾತೆಲ್ಲ ಅದರ ಬಗ್ಗೆಯೇ.

ಕತೆ ಶುರುವಾಗುವುದು 1973ರಲ್ಲಿ. ಅಮೆರಿಕದ ಗಿಲೆಟ್, ಫಾರೆಸ್ಟ್, ಮೆರಿಲ್ ಎಂಬ ಮೂವರು ಎನ್‌ಜಿಸಿ 7027ರಂಥ ಕೆಲವು ನೀಹಾರಿಕೆಗಳನ್ನು, ಅಂದರೆ ಸಾಯುತ್ತಿರುವ ನಕ್ಷತ್ರ ಊದಿಬಿಟ್ಟ ಅನಿಲದ ಮೋಡಗಳನ್ನು, ಅವಕೆಂಪು ಬೆಳಕಿನಲ್ಲಿ ನೋಡುತ್ತಿದ್ದರು. ಕಣ್ಣಿಗೆ ಕಾಣದ, ಒಲೆ ಮುಂದೆ ಕೂತರೆ ಮೈಗೆ ತಾಗುವ ಬೆಳಕು ಅದು. ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ನೋಡಿದರೆ 11.3 ಮೈಕ್ರಾನ್ ಹತ್ತಿರ ಒಂದು ದಿಬ್ಬ ಎದ್ದಿತ್ತು, ಅಂದರೆ ಅಲ್ಲಿ ಬೆಳಕು ಜಾಸ್ತಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಆಮೇಲೆ ಇನ್ನಷ್ಟು ದಿಬ್ಬಗಳು ಸಿಕ್ಕವು, 3.3, 6.2, 7.7, 8.6. ಇವುಗಳಲ್ಲಿ ಕೆಲವನ್ನು ನೆಲದಿಂದ ನೋಡಲು ಆಗುವುದೇ ಇಲ್ಲ, ನಮ್ಮ ಗಾಳಿಯಲ್ಲಿರುವ ನೀರಿನ ಆವಿ ಆ ಬೆಳಕನ್ನು ನುಂಗಿಬಿಡುತ್ತದೆ. ನಾಸಾದವರು ದೊಡ್ಡ ವಿಮಾನವೊಂದಕ್ಕೆ ದೂರದರ್ಶಕ ಕೂರಿಸಿ, ಕೈಪರ್ ಎಂದು ಹೆಸರಿಟ್ಟು, 12 ಕಿಲೋಮೀಟರಿಗಿಂತ ಮೇಲೆ ಹಾರಿಸಿ ನೋಡಬೇಕಾಯಿತು. ಮಜಾ ಏನೆಂದರೆ ಎಲ್ಲಿ ನೋಡಿದರೂ ಇದೇ ದಿಬ್ಬಗಳ ಗುಂಪು ಒಟ್ಟಿಗೇ ಬರುತ್ತಿತ್ತು. ಏನಿದು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಹೆಸರೇ ಹಾಗೆ ಇಟ್ಟರು, ಗುರುತು ಸಿಗದ ಅವಕೆಂಪು ಪಟ್ಟಿಗಳು ಅಂತ. ಈ ಪ್ರಾಮಾಣಿಕತೆ ನನಗೆ ಇಷ್ಟ.

ಮೊದಲ ಸುಳಿವು ಕೊಟ್ಟವರು ಕ್ರಿಸ್ಟೆನ್ ಸೆಲ್‌ಗ್ರೆನ್. 1980ರ ದಶಕದ ಆರಂಭದಲ್ಲಿ ಅವರು ನಕ್ಷತ್ರದ ಪಕ್ಕದ ಧೂಳು ಎಷ್ಟು ಬಿಸಿ ಎಂದು ಅಳೆಯುತ್ತಿದ್ದರು. ಒಲೆಯಿಂದ ದೂರ ಹೋದಷ್ಟೂ ಬಿಸಿ ಕಮ್ಮಿಯಾಗಬೇಕು, ಅಲ್ವಾ? ಆಗುತ್ತಿರಲಿಲ್ಲ. ಹತ್ತಿರದಲ್ಲಿ ನೋಡಿದರೂ ಸುಮಾರು ಸಾವಿರ ಡಿಗ್ರಿಯ ಹೊಳಪು, ದೂರದಲ್ಲಿ ನೋಡಿದರೂ ಅಷ್ಟೇ. ಸ್ನಾನದ ಹಂಡೆಗೆ ಒಂದು ಚಮಚ ಕುದಿಯುವ ನೀರು ಹಾಕಿದರೆ ಏನೂ ಆಗುವುದಿಲ್ಲ. ಅದೇ ಚಮಚವನ್ನು ಒಂದು ಸಾಸಿವೆ ಕಾಳಿನ ಮೇಲೆ ಹಾಕಿದರೆ ಕಾಳು ಪೂರ್ತಿ ಬಿಸಿ. ಸೆಲ್‌ಗ್ರೆನ್ ಹೇಳಿದ್ದು ಅದನ್ನೇ: ಈ ಕಣಗಳು ಎಷ್ಟು ಚಿಕ್ಕವೆಂದರೆ ಅತಿನೇರಳೆ ಬೆಳಕಿನ ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ತುಣುಕು, ಬಡಿದರೂ ಇಡೀ ಕಣ ಸಾವಿರ ಡಿಗ್ರಿ ಮುಟ್ಟುತ್ತದೆ, ಮತ್ತೆ ಆರುತ್ತದೆ. ನಕ್ಷತ್ರ ದೂರವಾದರೆ ಫೋಟಾನ್ ಬಡಿಯುವುದು ಅಪರೂಪವಾಗುತ್ತದೆ, ಬಡಿದಾಗಿನ ಬಿಸಿ ಅಷ್ಟೇ ಇರುತ್ತದೆ. ಅಂದರೆ ಧೂಳಿನ ಕಣ ಅನ್ನುವುದಕ್ಕಿಂತ ದೊಡ್ಡ ಅಣು ಅನ್ನಬೇಕಾದಷ್ಟು ಚಿಕ್ಕ ವಸ್ತು.

ಅಂಥ ಅಣು ಯಾವುದು? ಸಾವಿರ ಡಿಗ್ರಿ ಕಾದರೂ ಒಡೆಯಬಾರದು. ಇಂಗಾಲದ ಬಳೆಗಳು ಗಟ್ಟಿಮುಟ್ಟು. 1984ರಲ್ಲಿ ಫ್ರಾನ್ಸಿನ ಲೆಜೆ ಮತ್ತು ಪ್ಯುಜೆ ಕೊರೊನೀನ್ ಅಣುವನ್ನು ತೆಗೆದುಕೊಂಡು ಲೆಕ್ಕ ಹಾಕಿದರು, ದಿಬ್ಬಗಳು ಹೆಚ್ಚುಕಮ್ಮಿ ಕೂತವು. ಈ ಕೊರೊನೀನ್ ಹೆಸರು ನೆನಪಿರಲಿ, ಕೊನೆಗೆ ಮತ್ತೆ ಬರುತ್ತದೆ. ಮರುವರ್ಷ ಅಲ್ಲಮಂಡೋಲಾ, ಟೀಲೆನ್ಸ್, ಬಾರ್ಕರ್ ಎಂಬ ಮೂವರು ಆಕಾಶದ ದಿಬ್ಬಗಳನ್ನು ಕಾರಿನ ಹೊಗೆಕೊಳವೆಯ ಮಸಿಯ ಜೊತೆ ಹೋಲಿಸಿದರು. ಆ ಪ್ರಬಂಧದ ಶೀರ್ಷಿಕೆಯಲ್ಲೇ 'ಕ್ಷೀರಪಥದ ಉದ್ದಕ್ಕೂ ಕಾರಿನ ಹೊಗೆ' ಎಂದು ಬರೆದು ಮುಂದೆ ಆಶ್ಚರ್ಯಚಿಹ್ನೆ ಹಾಕಿದ್ದರು! ದೊಡ್ಡ ಪತ್ರಿಕೆಗಳೂ ಆಗೀಗ ತಮಾಷೆಗೆ ಜಾಗ ಕೊಡುತ್ತವೆ.

ದಿಬ್ಬ ಯಾಕೆ ಏಳುತ್ತದೆ ಎಂದು ಒಂದು ಮಾತು. ಬಿಸಿಯಾದ ಅಣು ಸುಮ್ನೆ ಕೂರುವುದಿಲ್ಲ, ನಡುಗುತ್ತದೆ. ಇಂಗಾಲ ಮತ್ತು ಹೈಡ್ರೋಜನ್ ನಡುವಿನ ಕೊಂಡಿ ಸ್ಪ್ರಿಂಗಿನಂತೆ ಎಳೆದಾಡಿದಾಗ 3.3 ಮೈಕ್ರಾನಿನ ಬೆಳಕು ಬರುತ್ತದೆ. ಇಂಗಾಲ ಇಂಗಾಲಗಳ ಕೊಂಡಿ ಎಳೆದಾಡಿದರೆ 6.2. ಅಂಚಿನ ಹೈಡ್ರೋಜನ್‌ಗಳು ಸೆರಗಿನ ಕುಚ್ಚು ಅಲ್ಲಾಡಿದ ಹಾಗೆ ಮೇಲೆ ಕೆಳಗೆ ಆಡಿದರೆ 11ರ ಹತ್ತಿರ. ಇಲ್ಲೇ ತೊಡಕು ಇರುವುದು. ಇಳಕಲ್ ಸೀರೆಯ ಕುಚ್ಚಾದರೂ, ಮೊಳಕಾಲ್ಮೂರು ಸೀರೆಯ ಕುಚ್ಚಾದರೂ ಅಲ್ಲಾಡುವುದು ಒಂದೇ ಥರ. ನೂರಾರು ಬಗೆಯ ಪಾಹ್‌ಗಳು ಒಟ್ಟಿಗೆ ನಡುಗಿದರೆ ಎಲ್ಲವೂ ಕಲಸಿ ಅದೇ ನಾಲ್ಕೈದು ದಿಬ್ಬ. ಮದುವೆಮನೆಯಲ್ಲಿ ಮುಖ ನೋಡಿದ ಕೂಡಲೇ "ನೀನು ಇಂಥವರ ಮನೆ ಹುಡುಗ ಅಲ್ವಾ" ಅನ್ನುವ ಅಜ್ಜಿಯರು ಇರುತ್ತಾರಲ್ಲ, ಮನೆತನ ಸರಿಯಾಗಿ ಹೇಳುತ್ತಾರೆ, ಹೆಸರು ಕೇಳಿದರೆ ತಡವರಿಸುತ್ತಾರೆ, ಖಗೋಳ ವಿಜ್ಞಾನಿಗಳ ಸ್ಥಿತಿಯೂ ಮೂವತ್ತಕ್ಕೂ ಹೆಚ್ಚು ವರ್ಷ ಹಾಗೇ ಇತ್ತು. 2001ರಲ್ಲಿ ಸೆರ್ನಿಚಾರೊ ತಂಡ ಸಿಆರ್‌ಎಲ್ 618 ಎಂಬ ನೀಹಾರಿಕೆಯಲ್ಲಿ ಒಂಟಿ ಬಳೆಯ ಬೆಂಜೀನಿನ ಗುರುತು ಹಿಡಿಯಿತು. ಎರಡು ಬಳೆ, ನಾಲ್ಕು ಬಳೆಯವು ಒಂದೂ ಹೆಸರು ಹೇಳಲಿಲ್ಲ.

ಈ ಸಂದಿನಲ್ಲಿ ಸಂಶಯ ಪಡುವವರೂ ಇದ್ದರು. ಸನ್ ಕ್ವಾಕ್ ಮತ್ತು ಯಾಂಗ್ ಜಾಂಗ್ 2011ರಲ್ಲಿ, ಇವು ಬಿಡಿಬಿಡಿ ಪಾಹ್‌ಗಳಲ್ಲ, ಬಳೆಗಳೂ ಸರಪಳಿಗಳೂ ಕಲಸಿಕೊಂಡಿರುವ ಡಾಂಬರಿನಂಥ ಕಣಗಳು ಎಂದು ವಾದಿಸಿದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ, ಆದರೆ "ಒಂದು ಅಣುವನ್ನಾದರೂ ಹೆಸರು ಹಿಡಿದು ತೋರಿಸಿ" ಅನ್ನುವ ಅವರ ಬೇಡಿಕೆ ನ್ಯಾಯವಾದದ್ದೇ.

ತೋರಿಸಿದ್ದು ರೇಡಿಯೊ ದೂರದರ್ಶಕ. ಅಣು ನಡುಗುವುದಷ್ಟೇ ಅಲ್ಲ, ಬುಗುರಿಯಂತೆ ತಿರುಗುತ್ತದೆ ಕೂಡ. ತಿರುಗುವ ವೇಗ ಬದಲಾದಾಗ ರೇಡಿಯೊ ಅಲೆ ಹೊರಡುತ್ತದೆ, ಒಂದೊಂದು ಅಣುವಿಗೂ ಆ ಗೆರೆಗಳು ಬೇರೆಬೇರೆ, ಹೆಬ್ಬೆಟ್ಟಿನ ಗುರುತಿನ ಹಾಗೆ. ಆದರೆ ಅದಕ್ಕೊಂದು ಷರತ್ತು ಇದೆ. ಅಣುವಿನ ಒಂದು ಕಡೆ ಸ್ವಲ್ಪ ಋಣ, ಇನ್ನೊಂದು ಕಡೆ ಸ್ವಲ್ಪ ಧನ ವಿದ್ಯುತ್ ಇರಬೇಕು. ಬೆಂಜೀನ್ ಎಲ್ಲ ಕಡೆಯಿಂದಲೂ ಒಂದೇ ಸಮ, ಎಷ್ಟು ತಿರುಗಿದರೂ ಮೌನ. ನ್ಯಾಫ್ತಲೀನ್, ಪೈರೀನ್, ಕೊರೊನೀನ್ ಎಲ್ಲವೂ ಹಾಗೇ ಮೌನಿಗಳು.

ಉಪಾಯ ಸರಳ. ಅಂಚಿನ ಒಂದು ಹೈಡ್ರೋಜನ್ ತೆಗೆದು ಅಲ್ಲಿ ಇಂಗಾಲ ಮತ್ತು ಸಾರಜನಕದ ಜೋಡಿ ಸಿಕ್ಕಿಸಿದರೆ, ಸೈಯನೊ ಅಂತಾರೆ ಅದನ್ನು, ಅಣುವಿಗೆ ಒಂದು ಬಾಲ ಬಂದ ಹಾಗಾಗುತ್ತದೆ, ಸಮತೋಲ ತಪ್ಪುತ್ತದೆ, ರೇಡಿಯೊದಲ್ಲಿ ಜೋರಾಗಿ ಮಾತಾಡುತ್ತದೆ. ಪ್ರಕೃತಿಯೇ ಅಲ್ಲಲ್ಲಿ ಈ ಬಾಲ ಸಿಕ್ಕಿಸಿರುತ್ತದೆ. ಬಾಲ ಇರುವವನು ಸಿಕ್ಕಿದರೆ ಬಾಲವಿಲ್ಲದ ಅಣ್ಣತಮ್ಮಂದಿರು ಅಲ್ಲೇ ಇದ್ದಾರೆ ಎಂದರ್ಥ.

ಹುಡುಕಿದ ಜಾಗ ವೃಷಭ ರಾಶಿಯ ಕಡೆಗಿರುವ, ಸುಮಾರು 430 ಜ್ಯೋತಿರ್ವರ್ಷ ದೂರದ ಟಿಎಮ್‌ಸಿ-1 ಎಂಬ ಕಪ್ಪು ಮೋಡ. ನಕ್ಷತ್ರ ಇನ್ನೂ ಹುಟ್ಟಿಲ್ಲದ ಜಾಗ, ಚಳಿ ಅಂದರೆ ಮೈನಸ್ 263 ಡಿಗ್ರಿ. ಕೇಳಿಸಿಕೊಂಡದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ದೂರದರ್ಶಕ, 100 ಮೀಟರ್ ಅಗಲದ ತಟ್ಟೆ. ಅದರ ಸುತ್ತ 1958ರಿಂದ ರೇಡಿಯೊ ಮೌನದ ವಲಯವೇ ಇದೆ. ತಟ್ಟೆಯ ಹತ್ತಿರಕ್ಕೆ ಪೆಟ್ರೋಲ್ ಗಾಡಿ ಸಹ ಬಿಡುವುದಿಲ್ಲ, ಸ್ಪಾರ್ಕ್ ಪ್ಲಗ್ಗಿನ ಕಿಡಿಯೂ ಅಲ್ಲಿ ಗದ್ದಲವೇ, ಡೀಸೆಲ್ ಗಾಡಿ ಮಾತ್ರ. ಆಕಾಶದ ಮಸಿ ಹುಡುಕಲು ಮಸಿ ಉಗುಳುವ ಡೀಸೆಲ್ ಗಾಡಿಯಲ್ಲೇ ಹೋಗಬೇಕು, ನೋಡಿ.

2018ರಲ್ಲಿ ಬ್ರೆಟ್ ಮೆಗ್ವೈರ್ ಮತ್ತು ಸಂಗಡಿಗರು ಅಲ್ಲಿ ಬೆಂಜೊನೈಟ್ರೈಲ್ ಕಂಡರು, ಅಂದರೆ ಬಾಲ ಇರುವ ಬೆಂಜೀನ್. 2021ರಲ್ಲಿ ಸೈಯನೊನ್ಯಾಫ್ತಲೀನ್, ಬಾಲ ಇರುವ ನಮ್ಮ ಡಾಂಬರ್ ಗುಳಿಗೆ. ಇದರ ಗೆರೆಗಳು ಎಷ್ಟು ಮಂದ ಎಂದರೆ ಬಿಡಿಬಿಡಿಯಾಗಿ ನೋಡಿದರೆ ಕಾಣುವುದೇ ಇಲ್ಲ. ಎಲ್ಲೆಲ್ಲಿ ಗೆರೆ ಇರಬೇಕು ಎಂದು ಪ್ರಯೋಗಾಲಯದಲ್ಲಿ ಮೊದಲೇ ಅಳೆದಿಟ್ಟುಕೊಂಡು, ಆಯಾ ಜಾಗದ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿದರು, ಆಗ ಗದ್ದಲ ಅಡಗಿ ಗೆರೆ ಎದ್ದು ನಿಂತಿತು. ಅದೇ ವರ್ಷ ಸ್ಪೇನಿನ ಯೆಬೆಸ್ ದೂರದರ್ಶಕದಿಂದಲೂ ಇದೇ ಮೋಡದಲ್ಲಿ ಇಂಡೀನ್ ಸಿಕ್ಕಿತು. ಅದಕ್ಕೆ ಬಾಲವೇ ಬೇಕಾಗಲಿಲ್ಲ, ಒಂದು ಬಳೆ ಐದು ಮೂಲೆಯದಾದ್ದರಿಂದ ತಾನಾಗಿಯೇ ಸ್ವಲ್ಪ ವಾಲಿಕೊಂಡಿದೆ. 2024ರಲ್ಲಿ ನಾಲ್ಕು ಬಳೆಯ ಸೈಯನೊಪೈರೀನ್. 2025ರಲ್ಲಿ ಏಳು ಬಳೆಯ ಸೈಯನೊಕೊರೊನೀನ್. ಹೌದು, ಲೆಜೆ ಮತ್ತು ಪ್ಯುಜೆ ಕಾಗದದ ಮೇಲೆ ಲೆಕ್ಕ ಹಾಕಿದ ಅದೇ ರಂಗೋಲಿ, 41 ವರ್ಷದ ಮೇಲೆ ಬಾಲ ಸಮೇತ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಗಿಲೆಟ್ ಮತ್ತಿತರರು ಅವಕೆಂಪಿನಲ್ಲಿ ನೋಡಿದ ದಿಬ್ಬಗಳು ನಕ್ಷತ್ರದ ಬೆಳಕು ಬೀಳುವ ಜಾಗದವು, ಇದು ಬೆಳಕೇ ಬೀಳದ ಕಪ್ಪು ಮೋಡ. ಆದ್ದರಿಂದ ಹಳೆಯ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಬದಲಿಗೆ ಹೊಸದೊಂದು ಹುಟ್ಟಿಕೊಂಡಿದೆ, ನನಗೆ ಅದೇ ಹೆಚ್ಚು ರುಚಿಕರ.

ಮಸಿ ಮಾಡಲು ಬೆಂಕಿ ಬೇಕು ಅನ್ನುವುದು ನಮ್ಮ ಅನುಭವ. ಮುದಿ ನಕ್ಷತ್ರಗಳ ಸುತ್ತಲಿನ ಬಿಸಿ ಅನಿಲದಲ್ಲಿ ಅಸಿಟಿಲೀನ್, ವೆಲ್ಡಿಂಗ್ ಅಂಗಡಿಯ ಅದೇ ಗ್ಯಾಸ್, ಒಂದಕ್ಕೊಂದು ಸೇರಿ ಬಳೆಗಳಾಗುತ್ತವೆ ಎಂದೇ ಎಲ್ಲರೂ ನಂಬಿದ್ದರು. ಸರಿ, ಅಲ್ಲಿ ಹುಟ್ಟಿ ಹೊರಬಿದ್ದ ನ್ಯಾಫ್ತಲೀನಿನಂಥ ಚಿಕ್ಕ ಅಣುಗಳು ಕಪ್ಪು ಮೋಡ ಸೇರುವ ಮುಂಚೆಯೇ ಅತಿನೇರಳೆ ಬೆಳಕಿಗೆ ಸಿಕ್ಕಿ ಚೂರಾಗಬೇಕು. ಆದರೂ ಮೋಡದಲ್ಲಿ ಧಾರಾಳವಾಗಿವೆ. ಹಾಗಾದರೆ ಆ ಚಳಿಯಲ್ಲೇ ಹುಟ್ಟಿದವಾ?

ಸಾಕ್ಷಿ ಬಂದದ್ದು ಅನಿರೀಕ್ಷಿತ ಕಡೆಯಿಂದ. ಜಪಾನಿನ ಹಯಬುಸಾ-2 ನೌಕೆ ರ್‍ಯುಗು ಎಂಬ ಕ್ಷುದ್ರಗ್ರಹದಿಂದ ಸುಮಾರು 5.4 ಗ್ರಾಂ ಪುಡಿಯನ್ನು 2020ರ ಡಿಸೆಂಬರ್‌ನಲ್ಲಿ ಭೂಮಿಗೆ ತಂದಿತು. ಒಂದು ಚಮಚದಷ್ಟು. ಅದರಲ್ಲಿ ಪಾಹ್‌ಗಳಿದ್ದವು. ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದು ಪರಮಾಣು ಸ್ವಲ್ಪ ಭಾರದ್ದು, ಇಂಗಾಲ-13. ಒಂದೇ ಅಣುವಿನಲ್ಲಿ ಎರಡು ಭಾರದ ಇಂಗಾಲ ಇರುವುದು ತೀರಾ ಅಪರೂಪ. ಆದರೆ ಕಡು ಚಳಿಯಲ್ಲಿ ಅಣು ಕಟ್ಟಿಕೊಂಡರೆ ಈ ಭಾರದವು ಜೊತೆಗೂಡುವುದು ಸ್ವಲ್ಪ ಜಾಸ್ತಿ. 2023ರ ಕೊನೆಗೆ ಬಂದ ಫಲಿತಾಂಶ ಹೀಗಿತ್ತು: ರ್‍ಯುಗುವಿನ ನ್ಯಾಫ್ತಲೀನ್, ಫ್ಲೋರಾಂಥೀನ್, ಪೈರೀನ್ ಮೂರರಲ್ಲೂ ಜೋಡಿಗಳು ಜಾಸ್ತಿ, ಅಂದರೆ ಚಳಿಯ ಕೂಸುಗಳು. ಫೀನಾಂಥ್ರೀನ್ ಮತ್ತು ಆಂಥ್ರಸೀನ್‌ಗಳಲ್ಲಿ ಆ ಗುರುತಿಲ್ಲ, ಅವು ಬಿಸಿಯಲ್ಲಿ ಹುಟ್ಟಿರಬೇಕು. ಒಂದೇ ಕಲ್ಲಿನಲ್ಲಿ ಎರಡು ತವರಿನವು! ಮರುವರ್ಷವೇ ಕಪ್ಪು ಮೋಡದಲ್ಲಿ ಪೈರೀನಿನ ಬಾಲದ ತಮ್ಮ ಸಿಕ್ಕಿದಾಗ ಈ ಎರಡು ಎಳೆ ಒಂದಕ್ಕೊಂದು ಕೂಡಿಕೊಂಡವು.

ಬೆಂಗಳೂರಿನ ಒಂದು ಎಳೆಯೂ ಈ ಕತೆಯಲ್ಲಿದೆ. 60 ಇಂಗಾಲಗಳ ಫುಟ್‌ಬಾಲ್ ಅಣು, ಸಿ60, ಆಕಾಶದಲ್ಲಿ ಮೊದಲು ಖಚಿತವಾಗಿ ಕಂಡದ್ದು 2010ರಲ್ಲಿ, ಸ್ಪಿಟ್ಜರ್ ದೂರದರ್ಶಕಕ್ಕೆ. ಅದು ಹೈಡ್ರೋಜನ್ ಇಲ್ಲದ ಕಡೆ ಮಾತ್ರ ಹುಟ್ಟುತ್ತದೆ ಎಂಬ ನಂಬಿಕೆಯಿತ್ತು. ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಅವರು ಗಾರ್ಸಿಯಾ-ಹೆರ್ನಾಂಡೆಜ್ ಮತ್ತು ಲ್ಯಾಂಬರ್ಟ್ ಜೊತೆ ಸೇರಿ, ಹೈಡ್ರೋಜನ್ ತೀರಾ ಕಮ್ಮಿ ಇರುವ, ಇದ್ದಕ್ಕಿದ್ದಂತೆ ತಮ್ಮದೇ ಮಸಿಯ ಮೋಡದಲ್ಲಿ ಮರೆಯಾಗುವ ಆರ್ ಕೊರೊನೆ ಬೊರಿಯಾಲಿಸ್ ಜಾತಿಯ ನಕ್ಷತ್ರಗಳಲ್ಲಿ ಹುಡುಕಿದರು. 2011ರಲ್ಲಿ ಬಂದ ಉತ್ತರ ಉಲ್ಟಾ. ಆ ಗುಂಪಿನಲ್ಲಿ ಹೈಡ್ರೋಜನ್ ಸ್ವಲ್ಪ ಜಾಸ್ತಿ ಉಳಿಸಿಕೊಂಡಿರುವ ವಿ854 ಸೆಂಟಾರಿಯಂಥದರಲ್ಲೇ ಸುಳಿವು ಸಿಕ್ಕಿತು, ಅದೂ ಪಾಹ್ ದಿಬ್ಬಗಳ ಜೊತೆಯಲ್ಲಿ.

ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಬಗ್ಗೆ ಹೇಳದೆ ಹೋದರೆ ನೀವು ಬಿಡುವುದಿಲ್ಲ. ಅದು ತೆಗೆದ ಸುರುಳಿ ಗ್ಯಾಲಕ್ಸಿಗಳ ಚಿತ್ರದಲ್ಲಿ ಜೇಡರಬಲೆ ಥರ ಕೆಂಪಗೆ ಹರಡಿರುವುದು ಕಾಣುತ್ತದಲ್ಲ, ಅದರಲ್ಲಿ ದೊಡ್ಡ ಪಾಲು ಪಾಹ್ ಹೊಳಪು. 2023ರಲ್ಲಿ ಎಸ್‌ಪಿಟಿ0418-47 ಎಂಬ ಗ್ಯಾಲಕ್ಸಿಯಲ್ಲೂ 3.3ರ ದಿಬ್ಬ ಸಿಕ್ಕಿತು. ಬೆಳಕು ಹೊರಟು 1,200 ಕೋಟಿ ವರ್ಷಕ್ಕೂ ಜಾಸ್ತಿ, ದಾರಿಯಲ್ಲಿ ಹಿಗ್ಗಿ ಹಿಗ್ಗಿ ನಮಗೆ ಮುಟ್ಟುವಾಗ 17 ಮೈಕ್ರಾನ್ ಆಗಿತ್ತು. ಅಷ್ಟು ಹಿಂದೆಯೇ ವಿಶ್ವದ ಅಡುಗೆಮನೆಯಲ್ಲಿ ಇಲ್ಲಣ ಕಟ್ಟಿತ್ತು.

ಇದರಿಂದ ಅಲ್ಲೆಲ್ಲ ಜೀವ ಇದೆ ಅಂತ ಆಯಿತಾ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಇಲ್ಲ. 1996ರಲ್ಲಿ ಮಂಗಳದಿಂದ ಬಂದ ಉಲ್ಕಾಶಿಲೆಯೊಂದರಲ್ಲಿ ಪಾಹ್ ಕಂಡು ಜೀವದ ಕುರುಹು ಅಂತ ದೊಡ್ಡ ಸುದ್ದಿಯಾಗಿತ್ತು, ಆ ವಾದ ನಿಲ್ಲಲಿಲ್ಲ. ಮಸಿ ಎಲ್ಲ ಕಡೆಯೂ ಇರುವಾಗ ಅದನ್ನೇ ಸಾಕ್ಷಿ ಅನ್ನಲು ಬರುವುದಿಲ್ಲ.

ನನ್ನ ಮಾತು ಇಷ್ಟೇ. ಮೈನಸ್ 263 ಡಿಗ್ರಿಯಲ್ಲಿ ಏಳು ಬಳೆ ಹೆಣೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ಖುಷಿಯಿಂದ ಬೋರ್ಡಿನ ಮೇಲೆ ಬರೆದು ಒದ್ದಾಡುತ್ತೇನೆ. ಅದಕ್ಕೆ ಮುಂಚೆ, ಆ ಡಬ್ಬಿ ಈಗ ಯಾರ ಕೈಯಲ್ಲಿದೆ? ಈ ಕಡೆ ದಾಟಿಸಿ, ಮನೆಯ ಟ್ರಂಕಿನಿಂದ ಹೇಳದೆ ಎತ್ತಿಕೊಂಡು ಬಂದಿದ್ದೇನೆ.