ರಾತ್ರಿ ಹಲ್ಲಿನ ಸೆಟ್ ತೆಗೆದಿಡಿ

ಕೇಳುಗರಿಗೆ ನಮಸ್ಕಾರ.

ಹಲ್ಲಿನ ಸೆಟ್ ಹಾಕಿಕೊಳ್ಳುವ ಹಿರಿಯರು ಸಿಕ್ಕಾಗ ನಾನು ಮೊದಲು ಕೇಳುವುದು ಒಂದೇ ಮಾತು. ರಾತ್ರಿ ಮಲಗುವಾಗ ಅದನ್ನು ತೆಗೆದಿಡುತ್ತೀರಾ? ಎಷ್ಟೋ ಜನ ಉತ್ತರ ಹೇಳದೆ ಸುಮ್ಮನಾಗುತ್ತಾರೆ. ಮತ್ತೆ ಕೇಳಿದರೆ ಮೆಲ್ಲಗೆ ಹೇಳುತ್ತಾರೆ: 'ಬೊಚ್ಚು ಬಾಯಲ್ಲಿ ಮನೆಯವರ ಕಣ್ಣಿಗೆ ಬೀಳೋಕೆ ಒಂಥರಾ ಆಗುತ್ತೆ.'

ಈ ಸಂಕೋಚ ನನಗೆ ಅರ್ಥವಾಗುತ್ತದೆ. ಹಲ್ಲು ಹೋದರೆ ಕೆನ್ನೆ ಒಳಗೆ ಹೋಗುತ್ತದೆ, ಮಾತು ತೊದಲುತ್ತದೆ. ಕನ್ನಡಿಯಲ್ಲಿ ಬೇರೆ ಯಾರನ್ನೋ ನೋಡಿದ ಹಾಗಾಗುತ್ತದೆ. ಆದರೂ ಕೇಳಿಕೊಳ್ಳುತ್ತೇನೆ, ರಾತ್ರಿ ತೆಗೆದಿಡಿ. ಏಕೆ ಅಂತ ಹೇಳುತ್ತೇನೆ.

ಸೆಟ್ ಮಾಡುವುದು ಹೆಚ್ಚಾಗಿ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್‌ನಿಂದ. ನೋಡಲು ನುಣುಪು. ಆದರೆ ಅದರ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಿರುತ್ತವೆ. ಕ್ಯಾಂಡಿಡಾ ಎಂಬ ಫಂಗಸ್ ಅಲ್ಲಿ ಮನೆ ಮಾಡುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಜೊಲ್ಲು ಹರಿಯುತ್ತಿದ್ದರೆ ಹತೋಟಿಯಲ್ಲಿರುತ್ತದೆ. ಹಗಲೂ ರಾತ್ರಿ ಸೆಟ್ ಮುಚ್ಚಿಕೊಂಡಿದ್ದರೆ ಅದರ ಅಡಿಗೆ ಜೊಲ್ಲು ಸರಿಯಾಗಿ ತಲುಪುವುದಿಲ್ಲ, ಫಂಗಸ್ ಹಬ್ಬುತ್ತದೆ. ಬಾಯಿ ತೆರೆದು ನೋಡಿದರೆ ಸೆಟ್ ಎಷ್ಟು ಅಗಲ ಇದೆಯೋ ಅಷ್ಟೇ ಅಗಲಕ್ಕೆ ಅಂಗುಳು ಕೆಂಪಾಗಿರುತ್ತದೆ, ಅಚ್ಚು ಒತ್ತಿದ ಹಾಗೆ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಅದಕ್ಕೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣ ಎದೆಗೆ ಸಂಬಂಧಿಸಿದ್ದು. ನಿದ್ದೆಯಲ್ಲಿ ಜೊಲ್ಲಿನ ಹನಿ ಶ್ವಾಸಕೋಶಕ್ಕೆ ಇಳಿಯುವುದುಂಟು. ವಯಸ್ಸಾದವರಲ್ಲಿ, ಅದರಲ್ಲೂ ನುಂಗಲು ಕಷ್ಟಪಡುವವರಲ್ಲಿ, ಇದು ಜಾಸ್ತಿ. ಬಾಯಿ ಕೊಳಕಾಗಿದ್ದರೆ ಹನಿಯ ಜೊತೆ ರೋಗಾಣುಗಳೂ ಇಳಿಯುತ್ತವೆ. ಜಪಾನಿನಲ್ಲಿ 85 ವರ್ಷ ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 524 ಹಿರಿಯರನ್ನು ಮೂರು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸೆಟ್ ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾದ ಅಪಾಯ ಸುಮಾರು ಎರಡು ಪಟ್ಟು ಕಂಡುಬಂತು. ಇದೊಂದರಿಂದಲೇ ಸೆಟ್ಟೇ ಕಾರಣ ಅನ್ನಲಾಗದು. ಆದರೆ ತೆಗೆದಿಡುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ, ಅಲ್ವಾ?

ಇನ್ನು ತೊಳೆಯುವ ವಿಷಯ. ಇಲ್ಲಿ ತುಂಬಾ ಜನ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮಾಡುತ್ತಾರೆ. ಟೂತ್‌ಪೇಸ್ಟ್ ಹಚ್ಚಿ ಗಸಗಸ ಉಜ್ಜುತ್ತಾರೆ. ಪೇಸ್ಟಿನಲ್ಲಿ ನುಣ್ಣನೆಯ ಪುಡಿ ಇರುತ್ತದೆ. ನಿಜವಾದ ಹಲ್ಲು ಅದನ್ನು ತಡೆಯುತ್ತದೆ, ಅಕ್ರಿಲಿಕ್ ಹಲ್ಲಿಗಿಂತ ಮೆದು. ಅದರ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ. ಮೆತ್ತನೆ ಬ್ರಷ್, ಸ್ವಲ್ಪ ಕೈ ತೊಳೆಯುವ ಸೋಪು, ತಣ್ಣೀರು ಸಾಕು. ಒಸಡಿಗೆ ತಾಗುವ ಒಳಮೈಯನ್ನು ಮರೆಯಬೇಡಿ, ಅಂಟು ಹೆಚ್ಚು ಕೂರುವುದು ಅಲ್ಲೇ. ಕುದಿಯುವ ನೀರು ಹಾಕಿದರೆ ಸೆಟ್ ಸೊಟ್ಟಗಾಗುತ್ತದೆ, ಆಮೇಲೆ ಬಾಯಿಗೆ ಕೂರುವುದೇ ಇಲ್ಲ. ಒಣಗಿಸಿಡುವುದೂ ಬೇಡ, ರಾತ್ರಿಯಿಡೀ ನೀರಿನಲ್ಲಿರಲಿ. ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆ ಬಳಸುವವರು ಮೊದಲು ಉಜ್ಜಿ, ಆಮೇಲೆ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ತೊಳೆದೇ ಹಾಕಿಕೊಳ್ಳಿ. ಆ ಮಾತ್ರೆ ಯಾವತ್ತೂ ಬಾಯಿಗೆ ಹೋಗಬಾರದು. ಮರೆವು ಇರುವವರ ಕೈಗೆ ಸಿಗದ ಹಾಗೆ ಎತ್ತಿಡಿ.

ತೊಳೆಯುವಾಗ ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ. ಕೈ ನಡುಗುವವರಿಂದ ಸೆಟ್ ಜಾರಿ ಒಡೆಯುವುದು ಬಹಳ. ಬ್ರಷ್ ಹಿಡಿಯಲು ಬೆರಳಿಗೆ ಶಕ್ತಿ ಸಾಲದಿದ್ದರೆ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಸೆಟ್ ತೆಗೆದ ಮೇಲೆ ಒಸಡು, ಅಂಗುಳು, ನಾಲಿಗೆಯನ್ನೂ ಮೆತ್ತಗೆ ಉಜ್ಜಿ.

ಕೆಲವು ಹಲ್ಲು ಇನ್ನೂ ಉಳಿದಿರುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ವಯಸ್ಸಾದಂತೆ ಒಸಡು ಇಳಿದು ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮೆಲ್‌ನ ಗಟ್ಟಿ ಹೊದಿಕೆ ಇರುವುದಿಲ್ಲ, ಬೇಗ ಹುಳುಕಾಗುತ್ತದೆ. ಜೊತೆಗೆ ಬಾಯಿ ಒಣಗುತ್ತಿದ್ದರೆ ಇನ್ನೂ ಬೇಗ. ಬಾಯಿ ಒಣಗುವುದಕ್ಕೆ ವಯಸ್ಸಿಗಿಂತ ಹೆಚ್ಚಾಗಿ ಕಾರಣವಾಗುವುದು ನುಂಗುವ ಮಾತ್ರೆಗಳು. ಬಿಪಿ, ಖಿನ್ನತೆ, ಅಲರ್ಜಿಗೆ ಕೊಡುವ ಹಲವು ಔಷಧಿಗಳು ಜೊಲ್ಲು ಕಡಿಮೆ ಮಾಡುತ್ತವೆ. ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರ ಹತ್ತಿರ ಹೇಳಿ. ಆಗಾಗ ಗುಟುಕು ನೀರು ಕುಡಿಯಿರಿ. ಬಾಯಿ ಒಣಗಿತು ಅಂತ ಸಿಹಿ ಮಿಠಾಯಿ ಚೀಪುತ್ತಾ ಕೂತರೆ ಹುಳುಕಿಗೆ ನಾವೇ ಊಟ ಹಾಕಿದಂತೆ. ಉಳಿದ ಹಲ್ಲಿಗೆ ಫ್ಲೋರೈಡ್ ಪೇಸ್ಟ್ ದಿನಕ್ಕೆ ಎರಡು ಸಲ ಬೇಕು. ಸೆಟ್ಟಿನ ಕೊಕ್ಕೆ ಹಿಡಿದುಕೊಳ್ಳುವ ಹಲ್ಲನ್ನು ವಿಶೇಷವಾಗಿ ನೋಡಿಕೊಳ್ಳಿ. ಅದು ಹೋದರೆ ಸೆಟ್ಟಿನ ಹಿಡಿತವೂ ಹೋಗುತ್ತದೆ.

'ಮೊದಲು ಚೆನ್ನಾಗಿ ಕೂರ್ತಿತ್ತು, ಈಗ ಸಡಿಲ' ಅನ್ನುವವರಿದ್ದಾರೆ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆಯುತ್ತಾ ಹೋಗುತ್ತದೆ. ಸೆಟ್ ಹಾಗೇ ಇರುತ್ತದೆ, ದವಡೆ ಬದಲಾಗಿರುತ್ತದೆ. ಮನೆಯಲ್ಲಿ ಕೆರೆಯುವುದು, ಗಮ್ ಹಾಕಿ ಅಂಟಿಸುವುದು ಬೇಡವೇ ಬೇಡ. ದಂತವೈದ್ಯರು ಒಳಮೈಗೆ ಹೊಸ ಪದರ ಕೊಟ್ಟು ಸರಿಮಾಡುತ್ತಾರೆ. ಬಾಯಲ್ಲಿ ಹುಣ್ಣೋ ಬಿಳಿ ಮಚ್ಚೆಯೋ ಎರಡು ವಾರವಾದರೂ ಹೋಗದಿದ್ದರೆ 'ಸೆಟ್ ಒತ್ತಿದ್ದು' ಅಂತ ತಳ್ಳಿಹಾಕಬೇಡಿ. ಕ್ಯಾನ್ಸರ್ ಇರಬಹುದೇ ಎಂದು ತೋರಿಸಿಕೊಳ್ಳಲೇಬೇಕು. ಒಂದೂ ಹಲ್ಲಿಲ್ಲದವರೂ ವರ್ಷಕ್ಕೊಮ್ಮೆ ಬಾಯಿ ತೋರಿಸಬೇಕು ಅನ್ನುವುದು ಇದಕ್ಕೇ.

ಮನೆಯ ಕಿರಿಯರಿಗೂ ಒಂದು ಮಾತು. ಹಿರಿಯರು ಸೆಟ್ ತೆಗೆದಾಗ ನಗಬೇಡಿ, ದಿಟ್ಟಿಸಿ ನೋಡಬೇಡಿ. ಅವರ ಹಾಸಿಗೆಯ ಪಕ್ಕ ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ನೀರು ತುಂಬಿಸಿಡಿ. ಅವರು ಊಟ ಬಿಟ್ಟರೆ, ಮೆತ್ತಗಿನದ್ದನ್ನೇ ಕೇಳಿದರೆ, ಬಾಯಿಯೊಳಗೆ ಒಮ್ಮೆ ನೋಡಿ. ಆಸ್ಪತ್ರೆಗೆ ಸೇರಿಸುವಾಗ ಆ ಡಬ್ಬಿಯ ಮೇಲೆ ಅವರ ಹೆಸರು ಬರೆದು ಜೊತೆಗೇ ಕಳಿಸಿ. ಕಾಗದದಲ್ಲಿ ಸುತ್ತಿಟ್ಟ ಸೆಟ್ ಕಸದ ಬುಟ್ಟಿಗೆ ಹೋಗಿಬಿಡುತ್ತದೆ. ಹೊಸದು ಬರುವವರೆಗೆ ಅವರು ಸರಿಯಾಗಿ ಅಗಿಯಲಾರರು, ಬಂದವರ ಜೊತೆ ಬಾಯಿ ತೆರೆದು ಮಾತಾಡಲಾರರು.

ನಮಸ್ಕಾರ.