ಗೆರೆ ಅಳಿಸುವ ಮುನ್ನ

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರಿನಲ್ಲಿ ಸಿದ್ಧಪಡಿಸಿದ ಒಂದು ಭೂಬಳಕೆಯ ನಕ್ಷೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರಲ್ಲಿ ನೆಲದ ಒಂದೊಂದು ತುಂಡೂ ಒಂದೊಂದು ಬಹುಭುಜಾಕೃತಿ, ಅಂದರೆ ಪಾಲಿಗನ್. ಪ್ರತಿ ಪಾಲಿಗನ್ನಿಗೂ ಕೋಷ್ಟಕದಲ್ಲಿ ಒಂದು ಸಾಲು ಇರುತ್ತದೆ. ಬಳಕೆ, ವಿಸ್ತೀರ್ಣ, ಜನಸಂಖ್ಯೆ ಮೊದಲಾದ ವಿವರಗಳು ಆ ಸಾಲಿನಲ್ಲಿ ಕುಳಿತಿರುತ್ತವೆ. ಅಕ್ಕಪಕ್ಕದ ಹತ್ತು ತುಂಡುಗಳ ಬಳಕೆಯೂ ‘ತೋಟ’ ಎಂದಿದ್ದರೆ, ನಡುವಿನ ಗೆರೆಗಳನ್ನು ಅಳಿಸಿ ಹತ್ತನ್ನೂ ಒಂದೇ ಆಕೃತಿಯಾಗಿ ಬೆಸೆಯಬಹುದು. ಈ ಕೆಲಸಕ್ಕೆ ಜಿಐಎಸ್, ಅಂದರೆ ನಕ್ಷೆಯನ್ನೂ ಅದರ ವಿವರಗಳನ್ನೂ ಒಟ್ಟಿಗೆ ನಿಭಾಯಿಸುವ, ತಂತ್ರಾಂಶಗಳಲ್ಲಿ ‘ಡಿಸಾಲ್ವ್’ ಎಂದು ಹೆಸರು.

ಆಜ್ಞೆ ಕೊಡುವುದು ಕ್ಷಣದ ಕೆಲಸ. ಅಂಥದೊಂದು ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಾದರೆ ಮೆನುವಿನಿಂದ ಡಿಸಾಲ್ವ್ ತೆರೆದು, ಯಾವ ಕಾಲಂ ನೋಡಿ ಬೆಸೆಯಬೇಕೆಂದು ಗುರುತು ಮಾಡಿದರೆ ಸಾಕು. ಯಾವ ಕಾಲಮನ್ನೂ ಗುರುತಿಸದಿದ್ದರೆ ಎಲ್ಲ ಪಾಲಿಗನ್ನುಗಳಿರುವ ಇಡೀ ಪದರವೇ ಒಂದು ಆಕೃತಿಯಾಗಿಬಿಡುತ್ತದೆ. ನಕ್ಷೆಯ ಮಾಹಿತಿಯನ್ನು ಡೇಟಾಬೇಸಿನಲ್ಲಿಡುವ ಪೋಸ್ಟ್‌ಜಿಐಎಸ್‌ನಲ್ಲಿ ಎಸ್‌ಟಿ ಯೂನಿಯನ್ ಎಂಬ ಫಂಕ್ಷನ್ನನ್ನು ಸಾಲುಗಳನ್ನು ಗುಂಪಾಗಿಸುವ ಗ್ರೂಪ್ ಬೈ ಜೊತೆ ಬಳಸಿದರೂ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಾಧನವಾದ ಜಿಯೋಪಾಂಡಾಸ್‌ನಲ್ಲಿ ಡಿಸಾಲ್ವ್ ಎಂದು ಬರೆದರೂ ಫಲ ಅದೇ. ನಾನು ಇಂದು ಹೇಳಬೇಕೆಂದಿರುವುದು ಆ ಆಜ್ಞೆಗೆ ಮುಂಚಿನ ಮತ್ತು ನಂತರದ ಕೆಲಸದ ಬಗ್ಗೆ, ಏಕೆಂದರೆ ನಕ್ಷೆ ಸುಳ್ಳಾಗುವುದು ಅಲ್ಲಿಯೇ.

ಒಮ್ಮೆ ಇಬ್ಬರು ಬೇರೆ ಬೇರೆ ಕೀಲಿಮಣೆಗಳಲ್ಲಿ ತುಂಬಿದ ಕೋಷ್ಟಕವೊಂದು ನನ್ನ ಕೈಗೆ ಬಂತು. ಡಿಸಾಲ್ವ್ ಮಾಡಿದ ಮೇಲೂ ‘ತೋಟ’ ಎಂಬ ಹೆಸರಿನ ಎರಡು ಆಕೃತಿಗಳು ನಡುವೆ ಗೆರೆ ಉಳಿಸಿಕೊಂಡೇ ನಿಂತಿದ್ದವು. ಎಷ್ಟು ದಿಟ್ಟಿಸಿದರೂ ಎರಡು ಪದಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಅಕ್ಷರಗಳ ಸಂಕೇತಗಳನ್ನೇ ಬಿಡಿಸಿ ನೋಡಿದಾಗ ಕಾರಣ ತಿಳಿಯಿತು: ‘ತೋ’ ಎಂಬಲ್ಲಿರುವ ಓತ್ವವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡಿನಲ್ಲಿ, ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ಬಿಡಿ ಸಂಕೇತಗಳನ್ನು ಸೇರಿಸಿಯೂ ಇಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಸಂಕೇತಗಳನ್ನಷ್ಟೇ ಹೋಲಿಸುವ ತಂತ್ರಾಂಶಕ್ಕೆ ಅವು ಎರಡು ಬೇರೆ ಪದಗಳು. ಪದದ ಕೊನೆಯಲ್ಲಿ ಉಳಿದ ಖಾಲಿ ಜಾಗ, ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ, ಇವುಗಳಿಂದಲೂ ಹೀಗೇ ಆಗುತ್ತದೆ. ಕನ್ನಡದಲ್ಲಿ ಕೋಷ್ಟಕ ತುಂಬುವವರು ಬೆಸೆಯುವ ಮೊದಲು ಪಠ್ಯವನ್ನು ಯೂನಿಕೋಡಿನ ಒಂದೇ ರೂಪಕ್ಕೆ ತರಬೇಕು, ಇಲ್ಲವೇ ಪದದ ಬದಲು ಅಂಕಿಯ ಸಂಕೇತವನ್ನು ಬಳಸಬೇಕು.

ಇನ್ನು ಅಂಚುಗಳ ಮಾತು. ನಕ್ಷೆಯ ಆಕೃತಿಗಳನ್ನು ಉಳಿಸಿಡುವ ಕಡತವಾದ ಶೇಪ್‌ಫೈಲಿನಲ್ಲಿ ನೆರೆಹೊರೆಯ ಎರಡು ಪಾಲಿಗನ್‌ಗಳ ನಡುವಿನ ಗಡಿ ಎರಡು ಸಲ ದಾಖಲಾಗಿರುತ್ತದೆ, ಆಚೆಯದಕ್ಕೊಂದು ಈಚೆಯದಕ್ಕೊಂದು. ಗೆರೆ ಎಳೆದವರ ಕೈ ಕೂದಲೆಳೆಯಷ್ಟು ಜಾರಿದ್ದರೂ ನಡುವೆ ಬಿರುಕು ಉಳಿಯುತ್ತದೆ, ಬೆಸೆದ ಮೇಲೆ ಅದು ಆಕೃತಿಯೊಳಗೆ ತೆಳುವಾದ ಸೀಳಿನಂತೆ ಕಾಣುತ್ತದೆ. ಇದಕ್ಕೆ ಮದ್ದು ಬೆಸೆಯುವ ಮುನ್ನವೇ ಮಾಡಬೇಕಾದದ್ದು: ದೋಷವಿರುವ ಆಕೃತಿಗಳನ್ನು ಸರಿಪಡಿಸಿ, ಅಂಚುಗಳನ್ನು ಒಂದಕ್ಕೊಂದು ಕೂಡಿಸಿಕೊಳ್ಳುವುದು. ಗ್ರಾಸ್‌ನಂಥ ತಂತ್ರಾಂಶ ಹಂಚಿಕೊಂಡ ಗಡಿಯನ್ನು ಒಂದೇ ಗೆರೆಯಾಗಿ ಇಟ್ಟುಕೊಳ್ಳುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಉಳಿದ ಕಾಲಂಗಳು. ಹತ್ತು ಸಾಲುಗಳು ಒಂದಾದಾಗ ಹತ್ತು ಜನಸಂಖ್ಯೆಗಳಲ್ಲಿ ಯಾವುದು ಉಳಿಯಬೇಕು? ಕ್ಯೂಜಿಐಎಸ್‌ನ ಡಿಸಾಲ್ವ್ ಮೊದಲ ಸಾಲಿನ ಬೆಲೆಗಳನ್ನೇ ಹಾಗೇ ಇಟ್ಟುಕೊಳ್ಳುತ್ತದೆ. ಜಿಯೋಪಾಂಡಾಸ್ ಕೂಡ ನಾವು ಬೇರೆ ಹೇಳದಿದ್ದರೆ ಗುಂಪಿನ ಮೊದಲ ಬೆಲೆಯನ್ನೇ ಕೊಡುತ್ತದೆ. ದೋಷದ ಸೂಚನೆ ಬರುವುದಿಲ್ಲ, ನಕ್ಷೆ ಸುಂದರವಾಗಿಯೇ ಮೂಡುತ್ತದೆ, ಒಂಬತ್ತು ತುಂಡುಗಳ ಜನ ಮಾತ್ರ ಲೆಕ್ಕದಿಂದ ಕಾಣೆಯಾಗಿರುತ್ತಾರೆ. ಆದ್ದರಿಂದ ಕ್ಯೂಜಿಐಎಸ್‌ನಲ್ಲಿ ‘ಅಗ್ರಿಗೇಟ್’ ಎಂಬ ಸಾಧನದಿಂದ ಯಾವ ಕಾಲಮನ್ನು ಕೂಡಬೇಕು, ಯಾವುದರ ಗರಿಷ್ಠ ಬೇಕು ಎಂದು ನಾವೇ ನಿರ್ಧರಿಸಬೇಕು.

ಕೂಡಲಾಗದ ಕಾಲಂಗಳೂ ಇವೆ. ಹತ್ತು ಚದರ ಕಿಲೋಮೀಟರಿನಲ್ಲಿ 9,000 ಜನರಿರುವ ತುಂಡಿನ ಸಾಂದ್ರತೆ 900. ಅದರ ಪಕ್ಕದಲ್ಲಿ 90 ಚದರ ಕಿಲೋಮೀಟರಿನಲ್ಲಿ 1,000 ಜನರಿರುವ ತುಂಡಿನದು ಸುಮಾರು 11. ಇವೆರಡರ ಸರಾಸರಿ ತೆಗೆದರೆ 455ರ ಮೇಲೆ ಬರುತ್ತದೆ. ಆದರೆ ಬೆಸೆದ ಆಕೃತಿಯಲ್ಲಿರುವವರು 10,000 ಜನ, ವಿಸ್ತೀರ್ಣ 100 ಚದರ ಕಿಲೋಮೀಟರ್, ನಿಜವಾದ ಸಾಂದ್ರತೆ 100. ಸಾಂದ್ರತೆ, ಶೇಕಡಾವಾರು, ದರ ಇವನ್ನೆಲ್ಲ ಬೆಸೆದ ಮೇಲೆ ಮೂಲ ಮೊತ್ತಗಳಿಂದ ಹೊಸದಾಗಿ ಲೆಕ್ಕ ಹಾಕದೆ ಬೇರೆ ದಾರಿಯಿಲ್ಲ.

ದೂರ ದೂರದಲ್ಲಿರುವ ತೋಟಗಳೂ ಒಂದೇ ಸಾಲಿನಡಿ ಬಹುಭಾಗದ ಆಕೃತಿಯಾಗಿ ಸೇರುತ್ತವೆ ಎಂಬುದನ್ನೂ ನೆನಪಿಡಬೇಕು. ಬೇಡವಾದರೆ ಅವನ್ನು ಬಿಡಿಬಿಡಿಯಾಗಿಸುವ ಸಾಧನವಿದೆ.

ಹೊಸ ಪದರದಿಂದ ಹಳೆಯ ಗೆರೆಗಳನ್ನು ಮರಳಿ ಪಡೆಯಲಾಗದು, ಹಾಗಾಗಿ ಮೂಲ ಪದರವನ್ನು ಎಂದೂ ಅಳಿಸಬೇಡಿ. ಬೆಸೆಯುವ ಮುಂಚೆ ಒಮ್ಮೆ, ಬೆಸೆದ ಮೇಲೆ ಒಮ್ಮೆ ಒಟ್ಟು ಜನಸಂಖ್ಯೆಯನ್ನೂ ಒಟ್ಟು ವಿಸ್ತೀರ್ಣವನ್ನೂ ಕೂಡಿ ನೋಡಿ. ವಿಸ್ತೀರ್ಣ ಇಳಿದಿದ್ದರೆ ಎಲ್ಲೋ ಎರಡು ಪಾಲಿಗನ್‌ಗಳು ಒಂದರ ಮೇಲೊಂದು ಹಾಸಿಕೊಂಡಿದ್ದವು, ಬೆಸೆದಾಗ ಆ ನೆಲ ಒಂದೇ ಸಲ ಎಣಿಕೆಗೆ ಬಂದಿದೆ ಎಂದರ್ಥ. ಆಗ ಮೂಲ ಪದರಕ್ಕೆ ಮರಳಿ, ಆ ಜಾಗ ಯಾರ ಪಾಲಿಗೆ ಸೇರಬೇಕೆಂದು ತೀರ್ಮಾನಿಸಿ, ಅಲ್ಲಿ ತಿದ್ದಿದ ನಂತರವೇ ಮತ್ತೆ ಬೆಸೆಯಬೇಕು.